ಹಲ್ಲಿನ ಡಾಕ್ಟರ ಮೇಲ್ ಪೆಟ್ಟಿಗೆ

ನಮ್ಮ ಪತ್ರಿಕೆಯ ಕಚೇರಿಯಲ್ಲಿ ನನಗೆ ಇಟ್ಟಿದ್ದ ಹೆಸರು ‘ಜರಡಿ’. ಯಾರಿಟ್ಟರೋ ಗೊತ್ತಿಲ್ಲ. ಹೊರಗಿನಿಂದ ಬರುವ ಮೇಲ್‌ಗಳೆಲ್ಲ ಮೊದಲು ನನ್ನ ಯಂತ್ರಕ್ಕೆ ಬಂದು, ಅಲ್ಲಿ ಹೊಟ್ಟು ಒಂದು ಕಡೆ ಕಾಳು ಒಂದು ಕಡೆ ಆಗಿ, ಆಮೇಲೆ ವರದಿಗಾರರ ಮೇಜಿಗೆ ಹೋಗಬೇಕಿತ್ತು. ಆ ಕೆಲಸಕ್ಕೆ ಕಾಗದದ ಮೇಲೆ ಏನೋ ಉದ್ದನೆಯ ಹುದ್ದೆಯ ಹೆಸರಿತ್ತು. ಜನರ ಬಾಯಲ್ಲಿ ನಿಂತದ್ದು ಜರಡಿ ಮಾತ್ರ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಫೋನ್ ಎತ್ತಿದಾಗ ನಾನೇ “ಜರಡಿ ಮಾತಾಡ್ತಿರೋದು” ಅನ್ನತೊಡಗಿದೆ.

ನನ್ನ ಕೋಣೆ ಮೆಟ್ಟಿಲ ಕೆಳಗಿತ್ತು. ಛಾವಣಿ ಒಂದು ಕಡೆ ಇಳಿಜಾರು. ಮರೆತು ಎದ್ದು ನಿಂತರೆ ನೆತ್ತಿಗೆ ಢಣ್ಣೆಂದು ಬಡಿಯುತ್ತಿತ್ತು. ಯಂತ್ರಗಳಿಗೆ ಸೆಖೆಯಾಗಬಾರದೆಂದು ಆ ಕೋಣೆಯನ್ನು ಸದಾ ತಣ್ಣಗಿಡುತ್ತಿದ್ದರು. ಹಾಗಾಗಿ ಬಿರುಬೇಸಿಗೆಯಲ್ಲೂ ನಾನು ಸ್ವೆಟರ್ ತೊಟ್ಟು ಕೂತಿರುತ್ತಿದ್ದೆ. ಹೊರಗೆ ಬಿಸಿಲೇರಿದಷ್ಟೂ ನನ್ನ ಕೋಣೆಗೆ ಬರುವವರು ಹೆಚ್ಚುತ್ತಿದ್ದರು. “ನನ್ನ ಕಂಪ್ಯೂಟರ್ ಯಾಕೋ ನಿಧಾನ ಆಗಿದೆ ನೋಡು” ಎನ್ನುತ್ತ ಕುರ್ಚಿ ಎಳೆದುಕೊಂಡು ಕೂತರೆ ಬೆವರು ಆರುವ ತನಕ ಯಾರೂ ಏಳುತ್ತಿರಲಿಲ್ಲ. ನಿಜವಾದ ದೂರುಗಳೂ ಇರುತ್ತಿದ್ದವು. ಪ್ರಿಂಟರ್ ಸತ್ತುಹೋಯಿತೆಂದು ಓಡಿ ಬಂದವರ ಮೇಜಿನ ಕೆಳಗೆ ಬಗ್ಗಿ ನೋಡಿದರೆ ಪ್ಲಗ್ಗು ಪೊರಕೆಗೆ ಸಿಕ್ಕಿ ಹೊರಬಂದಿರುತ್ತಿತ್ತು. ಪಾಸ್‌ವರ್ಡ್ ಮರೆತವರು, ಮರೆಯಬಾರದೆಂದು ಅದನ್ನು ಪರದೆಗೇ ಅಂಟಿಸಿಕೊಂಡವರು, “ನಾನೇನೂ ಒತ್ತಲೇ ಇಲ್ಲ, ಅದೇ ತಾನಾಗಿ ಹೋಯ್ತು” ಎಂದು ಆಣೆ ಇಡುವವರು, ಇವರೆಲ್ಲರ ನಡುವೆ ನನ್ನ ಹಗಲು ಕಳೆಯುತ್ತಿತ್ತು. ಈಗ ಯೋಚಿಸಿದರೆ, ಆ ಕಟ್ಟಡದಲ್ಲಿ ನನ್ನಷ್ಟು ಜನರ ಜೊತೆ ಮಾತಾಡಿದವರು ಇನ್ನೊಬ್ಬರಿರಲಿಲ್ಲ.

ಆಗಿನ ಜರಡಿ ಈಗಿನಂಥದ್ದಲ್ಲ, ಕೈಯಲ್ಲಿ ಹೆಣೆದದ್ದು. ಯಾವ ಪದಕ್ಕೆ ಎಷ್ಟು ಅಂಕ ಎಂದು ನಾನೇ ಕೂತು ಬರೆಯಬೇಕಿತ್ತು. ‘ಉಚಿತ’ ಎಂಬುದಕ್ಕೆ ಇಷ್ಟು, ‘ತಕ್ಷಣ’ ಎಂಬುದಕ್ಕೆ ಇಷ್ಟು, ಉದ್ಗಾರ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದರೆ ಇನ್ನಷ್ಟು. ಮೊತ್ತ ಗೆರೆ ದಾಟಿದರೆ ಆ ಮೇಲ್ ಒಳಗೆ ಹೋಗದೆ ನನ್ನ ಬಳಿಯೇ ಉಳಿಯುತ್ತಿತ್ತು. ಹಾಗೆ ಉಳಿದದ್ದಕ್ಕೆ ‘ತಡೆದ ರಾಶಿ’ ಎನ್ನುತ್ತಿದ್ದೆವು. ಬೆಳಿಗ್ಗೆ ಬಂದವಳೇ ಚಹಾ ಲೋಟ ಹಿಡಿದು ಆ ರಾಶಿಯ ಮೇಲೆ ಕಣ್ಣಾಡಿಸುತ್ತಿದ್ದೆ. ತೂಕ ಇಳಿಸುವ ಮಾತ್ರೆ, ಎಲ್ಲೋ ತೀರಿಕೊಂಡ ರಾಜಕುಮಾರನ ಆಸ್ತಿ, ಟಿಕೆಟ್ಟೇ ಕೊಳ್ಳದ ನನಗೆ ಬಂದ ಲಾಟರಿ, ಎಲ್ಲವೂ ಅಲ್ಲಿರುತ್ತಿದ್ದವು. ನಡುವೆ ಒಮ್ಮೊಮ್ಮೆ ಪಾಪದ ಮೇಲ್ ಒಂದು ಸಿಕ್ಕಿಬಿದ್ದಿರುತ್ತಿತ್ತು. ಚರಂಡಿ ರಿಪೇರಿಯಾಗಿಲ್ಲವೆಂದು ಸಿಟ್ಟಿನಿಂದ ಬರೆದ ಓದುಗರು ಉದ್ಗಾರ ಚಿಹ್ನೆಗಳನ್ನು ಕೈ ಬಂದಂತೆ ಸುರಿದಿರುತ್ತಿದ್ದರು. ಅಂಥದ್ದನ್ನು ಎತ್ತಿ ಒಳಗೆ ಬಿಡುತ್ತಿದ್ದೆ.

ಹಲ್ಲಿನ ಡಾಕ್ಟರ ಪರಿಚಯವಾದದ್ದು ಈ ರಾಶಿಯಿಂದಲೇ.

ಅಕ್ಕನಿಗೆ ಹೆರಿಗೆಯಾಯಿತೆಂದು ಒಂದು ವಾರಾಂತ್ಯ ರಜೆ ಹಾಕಿ ಹೋಗಿದ್ದೆ. ಸೋಮವಾರ ಬಂದರೆ ನನ್ನ ಕೋಣೆಯ ಬಾಗಿಲಲ್ಲಿ ಪುರವಣಿ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಭಾನುವಾರದ ಪುರವಣಿಯನ್ನು ಒಬ್ಬರೇ ಹೊತ್ತು ನಡೆಸುತ್ತಿದ್ದವರು. ಅವರು ಕೆಳಗಿಳಿದು ಬಂದರೆಂದರೆ ಏನೋ ಅನಾಹುತವಾಗಿದೆ ಎಂದೇ ಅರ್ಥ.

“ನಿನ್ನೆ ಪದಬಂಧ ಇಲ್ಲ” ಎಂದರು. “ಆ ಜಾಗಕ್ಕೆ ಒಂದು ಬೆಕ್ಕಿನ ಫೋಟೋ ಹಾಕಿದ್ವಿ. ಬೆಳಿಗ್ಗೆಯಿಂದ ಫೋನ್ ಕೆಳಗಿಡೋಕೆ ಆಗ್ತಿಲ್ಲ. ಒಬ್ಬರಂತೂ ಬೆಕ್ಕಿನ ಮೀಸೆ ಎಣಿಸಿ, ಇದೇನಾ ಉತ್ತರ ಅಂತ ಕೇಳ್ತಿದ್ದಾರೆ.”

“ಕಳ್ಸೋವ್ರು ಕಳ್ಸಿಲ್ವಾ?”

“ಕಳ್ಸಿದೀನಿ ಅಂತಾರೆ. ಬಂದಿಲ್ಲ ಅಂತೀನಿ. ಇಬ್ಬರೂ ಸುಳ್ಳು ಹೇಳೋ ವಯಸ್ಸಿನವರಲ್ಲ.”

ತಡೆದ ರಾಶಿಯಲ್ಲಿ ಹುಡುಕಿದೆ. ಮಾತ್ರೆ ಮಾರುವವರ ಮಧ್ಯೆ ಪದಬಂಧ ಪಾಪ ತೆಪ್ಪಗೆ ಕೂತಿತ್ತು. ಅಂಕ ಕೂಡಿಸಿ ನೋಡಿದರೆ ನಗು ತಡೆಯಲಾಗಲಿಲ್ಲ. ಆ ಕಾಲದಲ್ಲಿ ಕಳ್ಳ ಮೇಲ್ ಕಳಿಸುವವರು ಜರಡಿಯ ಕಣ್ಣಿಗೆ ಮಣ್ಣೆರಚಲು ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಉದ್ದಕ್ಕೆ ಪೋಣಿಸುತ್ತಿದ್ದರು. ಪದಬಂಧ ಎಂದರೂ ಅದೇ ತಾನೇ? ‘ಮೊಸಳೆ, ಕಿಟಕಿ, ಸಾಲಿಗ, ಪರಾಗ’ ಎಂದು ಒಂದರ ಕೆಳಗೊಂದು. ಅದು ಸಾಲದೆಂಬಂತೆ ಮೇಲ್‌ನ ಬಾಲದಲ್ಲಿ ಆ ವಾರದಿಂದ ತಾನಾಗಿ ಅಂಟಿಕೊಳ್ಳತೊಡಗಿದ್ದ ಎರಡು ಸಾಲು: ‘ನೋವಿಲ್ಲದೆ ಹಲ್ಲು ಕೀಳಲಾಗುವುದು! ತಕ್ಷಣ ಪರಿಹಾರ! ಮೊದಲ ಭೇಟಿ ಉಚಿತ!!’ ನನ್ನ ಜರಡಿ ಬಿಡುವುದಿರಲಿ, ಇದನ್ನು ಕಂಡ ಖುಷಿಗೆ ಕುಣಿದಾಡಿರಬೇಕು.

ಪದಬಂಧ ಕಟ್ಟುತ್ತಿದ್ದ ಆ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆಯಿಂದ ಹಲ್ಲು ಕೊರೆಯುವ ಯಂತ್ರ ಗುಂಯ್‌ಗುಡುವ ಸದ್ದು ನಿಂತಿತು.

“ನನ್ನ ಪದಬಂಧ ಕಸ ಅಂತ ಹೇಳಿದ್ದು ನೀನಾ, ನಿನ್ನ ಯಂತ್ರಾನಾ?”

“ಯಂತ್ರ ಸಾರ್. ಆದ್ರೆ ಅದಕ್ಕೆ ಹೇಳ್ಕೊಟ್ಟಿದ್ದು ನಾನೇ.”

“ಸರಿ ಹಾಗಾದ್ರೆ. ಸಂಜೆ ಬರ್ತೀನಿ. ಅದನ್ನ ನಂಗೂ ತೋರ್ಸು.”

ಬಂದರು. ಎತ್ತರದ ಆಳು, ಬಂದವರೇ ಛಾವಣಿಗೆ ತಲೆ ಬಡಿಸಿಕೊಂಡರು. ಜಗಳಕ್ಕೆ ಬಂದಿದ್ದಾರೆಂದು ನಾನು ಮೈ ಬಿಗಿ ಹಿಡಿದಿದ್ದರೆ, ಅವರು ಕುರ್ಚಿ ಎಳೆದುಕೊಂಡು ನನ್ನ ಪದಗಳ ಪಟ್ಟಿಯನ್ನು ಓದುತ್ತ ಕೂತುಬಿಟ್ಟರು. ನಡುನಡುವೆ “ಓಹೋ” ಎನ್ನುವರು, “ಈ ಪದಕ್ಕೆ ಇಷ್ಟೊಂದು ಅಂಕ ಅನ್ಯಾಯ” ಎನ್ನುವರು. ಕೊನೆಗೆ ಹೇಳಿದರು: “ನೀನೂ ನಾನೂ ಒಂದೇ ಕಸುಬಿನವರು ಕಣಮ್ಮಾ. ನಾನು ಜನರ ತಲೆ ತಿನ್ನೋಕೆ ಪದ ತೂಗ್ತೀನಿ, ನೀನು ತಲೆ ಕಾಯೋಕೆ ತೂಗ್ತೀಯ.” ಮಾತಾಡುತ್ತಲೇ ನನ್ನ ಮುಖವನ್ನು ಓರೆಗಣ್ಣಲ್ಲಿ ನೋಡಿ, “ಎಡಗಡೆ ಅಗೀತಿಲ್ಲ ನೀನು. ಬಾಯಿ ತೆಗಿ” ಎಂದರು. ಮೇಜುದೀಪ ನನ್ನ ಬಾಯಿಯತ್ತ ತಿರುಗಿತು. ಅದೇ ಹೊತ್ತಿಗೆ ವರದಿಗಾರನೊಬ್ಬ ಪಾಸ್‌ವರ್ಡ್ ಕೇಳಲು ಬಂದು, ಆ ದೃಶ್ಯ ನೋಡಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ಹಾಗೆ ಶುರುವಾಯಿತು. ಅವರ ಬಾಲದ ಎರಡು ಸಾಲನ್ನು ನಾನು ಕಿತ್ತೆ, ನನ್ನ ಹುಳುಕು ಹಲ್ಲನ್ನು ಅವರು ಕಿತ್ತರು. ಡಾಕ್ಟರಿಗೆ ಟೈಪು ಮಾಡಲು ಬರುತ್ತಿರಲಿಲ್ಲ. ರೋಗಿಗಳ ನಡುವಿನ ಬಿಡುವಿನಲ್ಲಿ ಅವರು ಹೇಳುತ್ತ ಹೋಗುವುದು, ಕ್ಲಿನಿಕ್ಕಿನ ಮುಂಬಾಗಿಲಲ್ಲಿ ಚೀಟಿ ಕೊಡುವ ಮೇಜಿನಲ್ಲಿ ಕೂತ ಅವರ ಹೆಂಡತಿ ಟೈಪಿಸುತ್ತ ಹೋಗುವುದು. ಬೀದಿಯವರೆಲ್ಲ ಆಕೆಯನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಮಾತು ಕಡಿಮೆ, ಆಡಿದರೆ ಮೊನೆ. “ಇವರು ರೋಗಿಗಳ ಬಾಯಿಗೆ ಹತ್ತಿ ತುರುಕಿ ಸುಳಿವು ಕೇಳ್ತಾರೆ. ಯಾರು ತಾನೇ ಉತ್ತರ ಹೇಳ್ತಾರೆ? ಅದಕ್ಕೇ ಇವರ ಪದಬಂಧ ಕಷ್ಟ ಅಂತ ಹೆಸರು” ಎಂದು ನನಗೆ ಮೊದಲ ದಿನವೇ ಹೇಳಿದ್ದರು.

ಶುಕ್ರವಾರ ಬಂತೆಂದರೆ ಪದಬಂಧದ ಮೇಲ್ ಬರುತ್ತಿತ್ತು, ಜೊತೆಗೆ ನನಗೊಂದು ಬಿಡಿ ಸುಳಿವು. ‘ಎಡದಿಂದ ಬಂದರೂ ಬಲದಿಂದ ಬಂದರೂ ಇದರಲ್ಲಿ ಗಾಳಿ ಬರುತ್ತದೆ, ಮೂರು ಮನೆ.’ ನಾನು ಅರ್ಧ ದಿನ ತಲೆ ಕೆರೆದುಕೊಂಡು ‘ಕಿಟಕಿ’ ಎಂದು ಬರೆದರೆ, ‘ಇಷ್ಟು ಹೊತ್ತಾ?’ ಎಂದು ಮರುಮೇಲ್. ನಮ್ಮ ಲಿಪಿ ಆಗ ಮೇಲ್‌ನಲ್ಲಿ ನೆಟ್ಟಗೆ ಬರುತ್ತಲೂ ಇರಲಿಲ್ಲ. ಅರ್ಧ ಅಕ್ಷರ, ಅರ್ಧ ಪ್ರಶ್ನಾರ್ಥಕ ಚಿಹ್ನೆ, ಅಲ್ಲೊಂದು ಇಲ್ಲೊಂದು ಖಾಲಿ ಚೌಕ. ಅವರ ಸುಳಿವನ್ನು ಬಿಡಿಸುವ ಮೊದಲು ಆ ಚೌಕಗಳನ್ನು ಬಿಡಿಸಬೇಕಿತ್ತು. ಆ ಶುಕ್ರವಾರಗಳಷ್ಟು ಹಗುರವಾದ ದಿನಗಳು ನನಗೆ ಮತ್ತೆ ಸಿಗಲಿಲ್ಲ.

ಬದಲಿಗೆ ನಾನು ಅವರಿಗೆ ಎಚ್ಚರಿಕೆಯ ಪಾಠ ಹೇಳುತ್ತಿದ್ದೆ. ಪಾಸ್‌ವರ್ಡ್ ಎಂದರೆ ಹಲ್ಲುಜ್ಜುವ ಬ್ರಷ್ಷು, ಇನ್ನೊಬ್ಬರಿಗೆ ಕೊಡಬಾರದು ಎಂದರೆ ಅವರಿಗೆ ತಕ್ಷಣ ಅರ್ಥವಾಯಿತು. ಪಾಸ್‌ವರ್ಡ್ ಮರೆತರೆ ಮೇಲ್ ಪೆಟ್ಟಿಗೆ ಒಂದು ಗುಟ್ಟಿನ ಪ್ರಶ್ನೆ ಕೇಳುತ್ತದಲ್ಲ, ಅದರ ಬಗ್ಗೆಯೂ ಹೇಳಿದ್ದೆ. “ಅದಕ್ಕೆ ನಿಜ ಉತ್ತರ ಕೊಡ್ಬೇಡಿ ಸಾರ್. ನಿಮ್ಮ ಊರು, ಶಾಲೆ, ಗೆಳೆಯರು ಎಲ್ಲಾ ಹತ್ತು ಜನಕ್ಕೆ ಗೊತ್ತಿರುತ್ತೆ. ಒಂದು ಚೆಂದದ ಸುಳ್ಳು ಇಡಿ.” ಡಾಕ್ಟರ ಕಣ್ಣು ಅರಳಿತ್ತು. ಸುಳ್ಳು ಹೇಳಲು ಯಂತ್ರದ ಅಪ್ಪಣೆ ಸಿಕ್ಕಿದ್ದು ಅವರ ಬದುಕಿನಲ್ಲೇ ಮೊದಲ ಸಲವಂತೆ.

ವರ್ಷಗಳು ಹೀಗೇ ಉರುಳಿದವು.

ಒಂದು ಬೆಳಿಗ್ಗೆ ನಾನಿನ್ನೂ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದೆ, ಪುರವಣಿ ಮೇಡಂ ಮೆಟ್ಟಿಲು ಧಡಧಡ ಇಳಿದು ಬಂದರು. “ಡಾಕ್ಟರು ಪರದೇಶದಲ್ಲಿ ಸಿಕ್ಕಿಬಿದ್ದಿದ್ದಾರಂತೆ! ಚೀಲ ಕಳವಾಗಿದೆಯಂತೆ! ತುರ್ತಾಗಿ ಹಣ ಕಳ್ಸಿ ಅಂತ ಮೇಲ್ ಬಂದಿದೆ.”

ನನಗೂ ಅದೇ ಮೇಲ್ ಬಂದಿತ್ತು, ಓದಿದೆ. ಬಂದದ್ದು ಡಾಕ್ಟರ ವಿಳಾಸದಿಂದಲೇ. ನನ್ನ ಜರಡಿ ಅದನ್ನು ತಡೆದಿರಲಿಲ್ಲ. ಅವರ ವಿಳಾಸದ ಮೇಲೆ ಭರವಸೆ ಇಡು ಎಂದು ನಾನೇ ಅದಕ್ಕೆ ಹೇಳಿದ್ದೆನಲ್ಲ. ಆದರೆ ‘ಆತ್ಮೀಯರೇ, ನಾನು ಅತೀವ ಸಂಕಷ್ಟದಲ್ಲಿದ್ದು’ ಎಂಬ ಮೊದಲ ಸಾಲಿಗೇ ನನಗೆ ಗೊತ್ತಾಗಿಹೋಯಿತು. ನಮ್ಮ ಡಾಕ್ಟರು ನನ್ನನ್ನು ‘ಆತ್ಮೀಯರೇ’ ಎನ್ನುವುದೆಂದರೆ! ಅವರ ಮೇಲ್ ಯಾವಾಗಲೂ ‘ಏನಮ್ಮಾ ಜರಡಿ’ ಎಂದೇ ಶುರುವಾಗುತ್ತಿದ್ದದ್ದು.

“ಇದು ಅವರಲ್ಲ ಮೇಡಂ. ಯಾರೋ ಅವರ ಪೆಟ್ಟಿಗೆ ಒಳಗೆ ಹೊಕ್ಕಿದ್ದಾರೆ” ಎಂದೆ. ಫೋನ್ ಮಾಡಿದರೆ ಎಡೆಬಿಡದೆ ಎಂಗೇಜ್. ಸ್ವೆಟರಿನಲ್ಲೇ ಹೊರಬಿದ್ದೆ.

ಕ್ಲಿನಿಕ್ಕು ಎರಡು ಬೀದಿ ಆಚೆ, ಬ್ರೆಡ್ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲ ತುಂಬ ಜನ. ಬಂದವರ ಪೈಕಿ ಹಲ್ಲು ನೋವಿನವರು ಕಡಿಮೆ, ಡಾಕ್ಟರಿಗೆ ಏನಾಯಿತೆಂದು ಕೇಳಲು ಬಂದವರೇ ಹೆಚ್ಚು. ಡಾಕ್ಟರು ಒಬ್ಬರ ದವಡೆಗೆ ಇಕ್ಕಳ ಹಾಕಿದ ಹಾಗೇ ತಲೆ ಹೊರಚಾಚಿ, “ನಾನು ಇಲ್ಲೇ ಇದೀನಿ! ಎಲ್ಲೂ ಹೋಗಿಲ್ಲ! ನನ್ನ ಚೀಲಾನೂ ಇಲ್ಲೇ ಇದೆ!” ಎಂದು ಕೂಗುತ್ತಿದ್ದರು. ಇಕ್ಕಳದ ಕೆಳಗಿದ್ದವರು ಏನೋ ಗೊಣಗಿದರು. ಮೂಲೆಯ ಮೇಜಿನಲ್ಲಿ ಡಾಕ್ಟರಮ್ಮ ಫೋನಿನಲ್ಲಿ ಒಬ್ಬರಾದ ಮೇಲೊಬ್ಬರಿಗೆ ಅದೇ ಮಾತು ಹೇಳುತ್ತಿದ್ದರು.

ರೋಗಿಯನ್ನು ಕಳಿಸಿ, ಬಾಗಿಲು ಹಾಕಿ, ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ನಡೆದದ್ದು ಇಷ್ಟು: ಹಿಂದಿನ ಸಂಜೆ ‘ನಿಮ್ಮ ಪೆಟ್ಟಿಗೆ ತುಂಬಿದೆ, ಇಲ್ಲಿ ಒತ್ತಿ ಪಾಸ್‌ವರ್ಡ್ ಕೊಡಿ’ ಎಂದು ಒಂದು ಮೇಲ್ ಬಂದಿತ್ತು. ಕೆಳಗೆ ‘ಪತ್ರಿಕೆಯ ಮೇಲ್ ವಿಭಾಗ’ ಎಂದಿತ್ತು. ಡಾಕ್ಟರಮ್ಮ ಒಳಗೆ ಅಡುಗೆಯಲ್ಲಿದ್ದರು. ಡಾಕ್ಟರು ತಾವೇ ಒಂದೊಂದಾಗಿ ಅಕ್ಷರ ಹುಡುಕಿ ಒತ್ತಿದ್ದರು.

“ನೀನೇ ಕಳ್ಸಿದೀಯ ಅಂದ್ಕೊಂಡೆ” ಎಂದರು, ನನ್ನ ಕಡೆ ನೋಡದೆ. “ನೀನು ಕೇಳಿದ್ಮೇಲೆ ಯಾಕೆ ಅಂತ ಯೋಚ್ನೆ ಮಾಡ್ಲಾ ನಾನು?”

ನಾನು ಕೀಲಿಮಣೆಯನ್ನು ನನ್ನ ಕಡೆ ಎಳೆದುಕೊಂಡೆ.

ಪಾಸ್‌ವರ್ಡನ್ನು ಕಳ್ಳ ಆಗಲೇ ಬದಲಿಸಿದ್ದ. ಉಳಿದದ್ದು ಒಂದೇ ದಾರಿ, ಗುಟ್ಟಿನ ಪ್ರಶ್ನೆ. ಪರದೆಯ ಮೇಲೆ ಅದು ಮೂಡಿತು: ‘ಬಾಲ್ಯದಲ್ಲಿ ನಿಮ್ಮ ಅತ್ಯಂತ ಆಪ್ತ ಸ್ನೇಹಿತರು ಯಾರು?’

“ಗೊತ್ತು, ಗೊತ್ತು” ಎಂದರು ಡಾಕ್ಟರು. “ನೀನೇ ಹೇಳಿದ್ಯಲ್ಲ ಸುಳ್ಳು ಇಡಿ ಅಂತ. ಆಮೆ ಅಂತ ಇಟ್ಟಿದ್ದೆ.”

‘ಆಮೆ’ ಎಂದು ಹಾಕಿದೆ. ತಪ್ಪು ಎಂದಿತು.

“ಹಾಗಾದ್ರೆ ಕಡಲಾಮೆ.”

ಅದೂ ತಪ್ಪು. ಇನ್ನೊಮ್ಮೆ ತಪ್ಪಿದರೆ ಪೆಟ್ಟಿಗೆಗೆ ಬೀಗ ಬೀಳುತ್ತದೆ ಎಂಬ ಕೆಂಪು ಅಕ್ಷರ ಬಂತು. ಡಾಕ್ಟರು ಹಣೆ ಒತ್ತಿಕೊಂಡರು. “ಆಮೇನೇ ಕಣಮ್ಮಾ. ನಂಗೆ ಚೆನ್ನಾಗಿ ನೆನಪಿದೆ. ಇವಳಿಗೆ ಹೇಳ್ದೆ, ಇವಳು ಟೈಪ್ ಮಾಡಿದ್ಳು...”

ನಾವಿಬ್ಬರೂ ಡಾಕ್ಟರಮ್ಮನ ಕಡೆ ತಿರುಗಿದೆವು. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

“ನೀವು ಹೇಳಿದ್ದನ್ನ ನಾನು ಹಾಕ್ಲಿಲ್ಲ” ಎಂದರು.

“ಮತ್ತೇನು ಹಾಕ್ದೆ?”

“ಏಳಿ, ಆ ಕಡೆ ಹೋಗಿ ಇಬ್ರೂ. ನಾನೇ ಹಾಕ್ತೀನಿ.”

ನಾವು ಕಿಟಕಿಯ ಬಳಿ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತೆವು, ತಪ್ಪು ಮಾಡಿದ ಮಕ್ಕಳ ಹಾಗೆ. ಹಿಂದಿನಿಂದ ಕೀಲಿಗಳ ಸದ್ದು ಕೇಳಿಸಿತು. ತಡವರಿಸದ, ಗೊತ್ತಿದ್ದ ಬೆರಳುಗಳ ಸದ್ದು. ಆಮೇಲೆ ಅವರ ಸ್ವರ: “ಬನ್ನಿ. ತೆಗೀತು.”

ನಾನು ಕೂತು ಹೊಸ ಪಾಸ್‌ವರ್ಡ್ ಹಾಕಿಸಿದೆ, ಬೇರೆ ಕಂಪ್ಯೂಟರುಗಳಲ್ಲಿ ಆ ಪೆಟ್ಟಿಗೆಗೆ ತೆರೆದುಕೊಂಡಿದ್ದ ಬಾಗಿಲುಗಳನ್ನೆಲ್ಲ ಮುಚ್ಚಿಸಿದೆ. ಪೆಟ್ಟಿಗೆಯ ಒಳಗಿನ ನಿಯಮಗಳನ್ನು ತೆರೆದು ನೋಡಿದರೆ ಕಳ್ಳನೂ ಒಂದು ಜರಡಿ ಇಟ್ಟಿದ್ದ. ಯಾರಾದರೂ ಗಾಬರಿಯಿಂದ ಡಾಕ್ಟರಿಗೆ ಮರುಮೇಲ್ ಬರೆದರೆ ಅದು ಅವರ ಕಣ್ಣಿಗೆ ಬೀಳದೆ ನೇರ ಕಸದ ಬುಟ್ಟಿಗೆ ಹೋಗುವಂತೆ. ನಾನು ದಿನವೂ ಮಾಡುತ್ತಿದ್ದ ಕೆಲಸವನ್ನೇ ಇನ್ನೊಬ್ಬ ಹೀಗೆ ಮಾಡಿದ್ದು ಕಂಡು ಮೈಯೆಲ್ಲ ಉರಿಯಿತು. ಅದನ್ನು ಅಳಿಸಿದೆ.

ಡಾಕ್ಟರಿಗೆ ಅದ್ಯಾವುದರ ಮೇಲೂ ಗಮನವಿರಲಿಲ್ಲ. “ಯಾರದು?” ಎಂದರು ಮೆಲ್ಲಗೆ.

“ಉತ್ತರ ಯಾರ್ಗೂ ಹೇಳ್ಬಾರ್ದು ಅಂತ ಈ ಹುಡುಗಿನೇ ಹೇಳಿಲ್ವಾ?” ಎಂದರು ಡಾಕ್ಟರಮ್ಮ. ನಗಿಸಲು ಹೇಳಿದ್ದು, ಆದರೆ ಅವರ ಸ್ವರ ಅರ್ಧಕ್ಕೇ ಒಡೆಯಿತು. ನಾನು ಏಳಲು ಹೋದೆ. “ಕೂತ್ಕೋ” ಎಂದರು.

“ನಮ್ಮ ಪಕ್ಕದ್ಮನೆ ಹುಡುಗಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಎದ್ದ ತಕ್ಷಣ ಅವಳು ಆ ಕಡೆಯಿಂದ ತಟ್ಟೋಳು, ನಾನು ಈ ಕಡೆಯಿಂದ ತಟ್ತಿದ್ದೆ. ಎದ್ಯಾ ಅಂತ ಕೇಳೋದು, ಅಷ್ಟೇ. ಶಾಲೆಗೆ ಒಟ್ಟಿಗೆ, ವಾಪಸ್ಸು ಒಟ್ಟಿಗೆ. ಅವಳಿಗೆ ನನ್ನ ಜಡೆ ಹಾಕೋಕೆ ಬರೋದು, ನಂಗೆ ಅವಳ ಲೆಕ್ಕ ಮಾಡೋಕೆ ಬರೋದು. ಒಂದು ದಿನ ತಟ್ಟಿದ್ರೆ ಆ ಕಡೆ ಸದ್ದೇ ಇಲ್ಲ. ಹೋಗಿ ನೋಡಿದ್ರೆ ಬೀಗ. ಅವರಪ್ಪಂಗೆ ಬೇರೆಲ್ಲೋ ಕೆಲ್ಸ ಆಗಿ, ಬೆಳಗಾಗೋದ್ರೊಳಗೆ ಸಾಮಾನು ಕಟ್ಕೊಂಡು ಹೋಗಿದ್ರಂತೆ. ಎಷ್ಟೋ ದಿನ ಸುಮ್ನೆ ತಟ್ತಾ ಇದ್ದೆ ಗೋಡೆನ. ನಮ್ಮಮ್ಮ ಬೈಯೋಳು, ಸುಣ್ಣ ಉದುರುತ್ತೆ ಅಂತ.”

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಇಷ್ಟು ವರ್ಷದಲ್ಲಿ ಒಂದಿನಾನೂ ಹೇಳ್ಲಿಲ್ವಲ್ಲೇ.”

“ನೀವು ಕೇಳ್ಲಿಲ್ಲ. ನೀವಂತಲ್ಲ, ಯಾರೂ ಕೇಳ್ಲಿಲ್ಲ. ಮದ್ವೆ ಆಗೋವಾಗ ಓದಿದ್ದೇನು ಅಂದ್ರು, ಅಡ್ಗೆ ಬರುತ್ತಾ ಅಂದ್ರು. ಚಿಕ್ಕವಳಿದ್ದಾಗ ನಿನ್ನ ಗೆಳತಿ ಯಾರು ಅಂತ ಮೊಟ್ಟಮೊದ್ಲು ಕೇಳಿದ್ದು ಈ ಡಬ್ಬ. ಅದು ಕೇಳಿದಾಗ ಕೈ ತಾನಾಗೇ ಅವಳ ಹೆಸರು ಹಾಕ್ಬಿಡ್ತು. ಆಮೆ ಅಂತ ಹಾಕೋಕೆ ಮನ್ಸು ಬರ್ಲಿಲ್ಲ.” ನನ್ನ ಕಡೆ ತಿರುಗಿ, “ನಿನ್ನ ಪಾಠ ಮೀರಿಲ್ಲಮ್ಮ ನಾನು. ಪೆಟ್ಟಿಗೆ ಇವರದು. ಇವರ ಪಾಲಿಗೆ ಅದು ಸುಳ್ಳೇ ತಾನೇ?” ಎಂದರು.

ಮೂವರೂ ನಕ್ಕೆವು. ನಗುತ್ತಲೇ ಅವರು ಕಣ್ಣೊರೆಸಿಕೊಂಡರು. ಆ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಡಾಕ್ಟರಿಗೆ ಆ ಸಂಜೆ ಹೇಳಿದರಂತೆ. ಗುಟ್ಟಿನ ಉತ್ತರವನ್ನು ಮಾತ್ರ ಅಂದೇ ಬದಲಿಸಿದರು. ಯಾರೋ ಅಪರಿಚಿತ ಓಡಾಡಿ ಹೋದ ಜಾಗದಲ್ಲಿ ಅವಳನ್ನು ಬಿಡಲು ಇಷ್ಟವಿಲ್ಲ ಎಂದರು.

ಪೆಟ್ಟಿಗೆ ಸಿಕ್ಕಿತು, ಆದರೆ ಬರಿದಾಗಿ ಸಿಕ್ಕಿತು. ಕಳ್ಳ ಹೋಗುವ ಮೊದಲು ಎಲ್ಲವನ್ನೂ ಅಳಿಸಿದ್ದ. ಅಚ್ಚಾದ ಪದಬಂಧಗಳು ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿದ್ದವು. ಮುಂದಿನ ತಿಂಗಳುಗಳಿಗೆಂದು ಕಟ್ಟಿಟ್ಟವು, ಅರ್ಧ ಕಟ್ಟಿದವು, ಯಾವಾಗಲೋ ಹೊಳೆದು ಗುರುತು ಹಾಕಿಕೊಂಡ ಸುಳಿವುಗಳು, ಎಲ್ಲ ಆ ಪೆಟ್ಟಿಗೆಯಲ್ಲೇ ಇದ್ದವು. ಮೇಲ್ ಕಂಪನಿಗೆ ಬರೆದೆ, ಗೊತ್ತಿದ್ದ ದಾರಿಗಳನ್ನೆಲ್ಲ ಹಿಡಿದೆ. ಹೋದದ್ದು ಹೋಗಿತ್ತು.

ಡಾಕ್ಟರು ಕುಸಿದರು. “ಸಾಕಮ್ಮ. ಹಲ್ಲು ಕೀಳೋಕೆ ಹುಟ್ಟಿದೀನಿ, ಹಲ್ಲು ಕಿತ್ಕೊಂಡಿರ್ತೀನಿ” ಎಂದುಬಿಟ್ಟರು. ಪುರವಣಿ ಮೇಡಂ ಹಳೆಯ ಪದಬಂಧಗಳನ್ನೇ ಮತ್ತೆ ಹಾಕಿದರು. ಓದುಗರು ಬಿಡುತ್ತಾರೆಯೇ? ಎರಡನೇ ವಾರಕ್ಕೇ ಪತ್ತೆ ಹಚ್ಚಿ ದೂರು ಬರೆದರು. ಶುಕ್ರವಾರ ಬಂದರೆ ನಾನು ಸುಮ್ಮನೆ ಪೆಟ್ಟಿಗೆ ತೆರೆಯುವುದು, ಮುಚ್ಚುವುದು.

ಹೀಗಿರುವಾಗ ಒಂದು ದಿನ ಡಾಕ್ಟರ ವಿಳಾಸದಿಂದ ಪದಬಂಧ ಬಂತು! ಕುಣಿಯುತ್ತ ಮೇಡಂಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರು ಫೋನ್ ಮಾಡಿದರು. “ಇದನ್ನ ಅಚ್ಚು ಹಾಕೋಕಾಗಲ್ಲ ಕಣೇ. ಪುಸ್ತಕ ಅನ್ನೋದಕ್ಕೆ ನಾಲ್ಕು ಮನೆ ಕೊಟ್ಟಿದ್ದಾರೆ. ಸಕಾರಕ್ಕೊಂದು ಮನೆ, ಅದರ ಒತ್ತಿಗೆ ಇನ್ನೊಂದು ಮನೆ!” ಪದಬಂಧ ಬಿಡಿಸುವ ಯಾರಿಗೂ ಗೊತ್ತು, ಒತ್ತಕ್ಷರಕ್ಕೆ ಒಂದೇ ಮನೆ. ಮತ್ತೆ ಯಾರಾದರೂ ಒಳನುಗ್ಗಿದರೇ ಎಂದು ಕ್ಲಿನಿಕ್ಕಿಗೆ ಓಡಿದೆ.

ಮೆಟ್ಟಿಲಲ್ಲೇ ಡಾಕ್ಟರ ಕೂಗು ಕೇಳಿಸಿತು. “ಒತ್ತಿಗೆ ಬೇರೆ ಮನೆ ಕೊಡ್ತಾರಾ ಯಾರಾದ್ರೂ? ಊರೆಲ್ಲಾ ಏನಂದ್ಕೊಳ್ತಾರೆ? ಕೆಳಗೆ ನನ್ನ ಹೆಸರಿದೆ!” ಒಳಗೆ ನೋಡಿದರೆ ಅವರು ಕಾಗದದ ಮೇಲೆ ಗೆರೆ ಎಳೆಯುತ್ತ, ಅಳಿಸುತ್ತ, ಬೆವರುತ್ತ ಕೂತಿದ್ದರು. ಡಾಕ್ಟರಮ್ಮ ಎದುರಿಗೆ ಕೈಕಟ್ಟಿಕೊಂಡು, “ನಂಗೇನು ಗೊತ್ತು, ಏನೋ ನನ್ನ ಕೈಲಾದಷ್ಟು ಮಾಡ್ದೆ” ಎನ್ನುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಸಂಜೆಯೊಳಗೆ ತಿದ್ದಿದ ಪದಬಂಧ ಬಂತು. ಮುಂದಿನ ವಾರ ಇನ್ನೊಂದು. ಅಂದು ನಾನು ಹೊರಡುವಾಗ ಡಾಕ್ಟರಮ್ಮ ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದಿದ್ದರು. “ಬೇಕಂತಲೇ ತಪ್ಪು ಮಾಡಿದ್ರಾ?” ಎಂದು ಪಿಸುಗುಟ್ಟಿದೆ. “ಇಷ್ಟು ವರ್ಷ ಟೈಪ್ ಮಾಡಿದೀನಿ, ಒತ್ತಕ್ಷರಕ್ಕೆ ಎಷ್ಟು ಮನೆ ಅಂತ ಗೊತ್ತಾಗಲ್ವಾ ನಂಗೆ?” ಎಂದು ಅವರು ನನ್ನ ಸ್ವೆಟರಿನ ತಪ್ಪು ಹಾಕಿದ್ದ ಗುಂಡಿಯನ್ನು ಸರಿಮಾಡಿ ಒಳಗೆ ಹೋದರು.

ಆಮೇಲೆ ಕಾಲ ನಮ್ಮನ್ನೆಲ್ಲ ಒಂದೊಂದು ಕಡೆಗೆ ಸರಿಸಿತು. ಪತ್ರಿಕೆ ಹೊಸ ಕಟ್ಟಡಕ್ಕೆ ಹೋಯಿತು. ಮೇಲ್ ಸೋಸುವ ಕೆಲಸ ಯಾವುದೋ ದೂರದ ಕಂಪನಿಯ ಯಂತ್ರಗಳ ಪಾಲಾಯಿತು. ಅವು ನನ್ನ ಜರಡಿಗಿಂತ ನೂರು ಪಾಲು ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಏನನ್ನು ತಡೆದವು, ಯಾಕೆ ತಡೆದವು ಎಂದು ನನಗೆ ಕಾಣುವುದಿಲ್ಲ. ಸಿಟ್ಟಿನಲ್ಲಿ ಉದ್ಗಾರ ಚಿಹ್ನೆ ಸುರಿಯುವವರು ಯಾರು, ಕವಿತೆ ಕಳಿಸಿ ನಾಚಿಕೊಂಡು ‘ಅಚ್ಚು ಮಾಡಬೇಡಿ’ ಎಂದು ಮತ್ತೆ ಬರೆಯುವವರು ಯಾರು ಎಂದು ಒಂದು ಊರಿನ ಮನಸ್ಸನ್ನು ಅದರ ಮೇಲ್‌ಗಳಿಂದಲೇ ತಿಳಿದಿದ್ದೆ ನಾನು. ಈಗ ಹೊಸ ಕಚೇರಿಯ ಬೆಳಕಿನ ಕೋಣೆಯಲ್ಲಿ ಕೂತು ಬೇರೆಯವರ ಯಂತ್ರ ಕಳಿಸುವ ವರದಿಗಳಿಗೆ ಸಹಿ ಹಾಕುತ್ತೇನೆ. ನನ್ನ ಹೆಸರನ್ನು ಹಿಡಿದೇ ಕರೆಯುತ್ತಾರೆ.

ಡಾಕ್ಟರು ಕ್ಲಿನಿಕ್ಕು ಮುಚ್ಚಿ ಬಹಳ ದಿನವಾಯಿತು. ಹಲ್ಲು ಕೀಳುವ ಕುರ್ಚಿಯನ್ನು ಕ್ಷೌರದಂಗಡಿಯವರು ಕೊಂಡರು. ತಿಂಗಳಿಗೊಮ್ಮೆ ಡಾಕ್ಟರು ಅದರಲ್ಲೇ ಕೂತು ತಲೆಗೂದಲು ಕತ್ತರಿಸಿಕೊಂಡು ಬರುತ್ತಾರೆ. “ಈ ಕಡೆ ಕೂತ್ಮೇಲೆ ಗೊತ್ತಾಯ್ತು ಜನ ಯಾಕೆ ಹೆದರ್ತಿದ್ರು ಅಂತ” ಎನ್ನುತ್ತಾರೆ. ಪದಬಂಧ ಈಗಲೂ ಕಟ್ಟುತ್ತಾರೆ, ಅಷ್ಟು ಕಷ್ಟದ್ದಲ್ಲ.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಮಾತಿನ ನಡುವೆ ಡಾಕ್ಟರಮ್ಮನ ಮೊಬೈಲು ಹೊಡೆದುಕೊಂಡಿತು. ಗುರುತಿಲ್ಲದ ಸಂಖ್ಯೆ ನೋಡಿ ಅವರ ಮುಖ ಅರಳಿತು. ಬಾಯಿಗೆ ಬೆರಳಿಟ್ಟು ಸ್ಪೀಕರ್ ಒತ್ತಿದರು.

“ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿದೀನಿ. ನಿಮ್ಮ ಕಾರ್ಡ್ ಇವತ್ತೇ ನಿಂತುಹೋಗುತ್ತೆ. ಅದರ ಮೇಲಿನ ನಂಬರ್ ಹೇಳಿ” ಎಂದಿತು ಒಂದು ಎಳೆಯ ಸ್ವರ.

“ಅಯ್ಯೋ ಹೌದೇನಪ್ಪಾ? ಇರು, ಕನ್ನಡಕ ಹುಡುಕ್ತೀನಿ.” ಕನ್ನಡಕ ಮೂಗಿನ ಮೇಲೇ ಇತ್ತು. ಡಾಕ್ಟರು ದಿಂಬಿಗೆ ಮುಖ ಒತ್ತಿ ನಗು ತಡೆಯುತ್ತಿದ್ದರು. ಡಾಕ್ಟರಮ್ಮ ಸಾವಕಾಶ ಎದ್ದು, ನೀರು ಕುಡಿದು, ಬಿಸ್ಕತ್ತಿನ ಪೊಟ್ಟಣ ಕೈಗೆತ್ತಿಕೊಂಡು ಅದರ ಹಿಂದಿನ ಅಂಕಿಗಳನ್ನು ಒಂದೊಂದಾಗಿ ಓದತೊಡಗಿದರು. ಆ ಕಡೆಯವನು ಬರೆದುಕೊಳ್ಳುತ್ತ, “ಇಷ್ಟೊಂದು ಇರಲ್ಲಮ್ಮಾ, ಸರಿಯಾಗಿ ನೋಡಿ” ಎನ್ನುತ್ತ, ನಡುವೆ ಕೆಮ್ಮಿದ. ಮತ್ತೆ ಕೆಮ್ಮಿದ. ಡಾಕ್ಟರಮ್ಮ ಓದುವುದನ್ನು ನಿಲ್ಲಿಸಿದರು.

“ಮಗಾ, ಈ ಕೆಮ್ಮು ಯಾವಾಗಿಂದ?”

ಆ ಕಡೆಯವನು ಇನ್ನೊಮ್ಮೆ ಕೆಮ್ಮಿದ. ಆಮೇಲೆ, “ಒಂದು ವಾರ ಆಯ್ತಮ್ಮ.”

“ಬಿಸಿನೀರು ಕುಡಿ. ತಣ್ಣಗಿನ ಕೋಣೆಲಿ ಕೂರಿಸಿರ್ತಾರೇನೋ ನಿನ್ನ, ಸ್ವೆಟರ್ ಹಾಕ್ಕೋ. ಆಮೇಲೆ ಬೇರೆ ಕೆಲ್ಸ ಹುಡುಕ್ಕೋ. ಕೇಳಿಸ್ತಾ?”

ಫೋನು ಕಟ್ಟಾಯಿತು. ಡಾಕ್ಟರು ದಿಂಬಿನಿಂದ ತಲೆಯೆತ್ತಿ, “ಇವತ್ತು ಬೇಗ ಬಿಟ್ಬಿಟ್ಯಲ್ಲೇ ಅವನನ್ನ. ಮೊನ್ನೆಯವನನ್ನ ಊಟದ ಹೊತ್ತಿನವರೆಗೂ ಆಡಿಸಿದ್ದೆ” ಎಂದರು.

“ಪಾಪ, ಕೆಮ್ತಿದ್ದ” ಎಂದರು ಡಾಕ್ಟರಮ್ಮ, ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತ.